ಒಂದು ಸಮರನೌಕೆಯ ಪೂರ್ಣಾಯುಷ್ಯ

ಹಾಯಿಹಡಗುಗಳ ಚರಿತ್ರೆಯಲ್ಲಿ ಅಭಿರುಚಿಯುಳ್ಳವರು ಕದನದ ದಿನಗಳನ್ನೇ ಅರಸಿಕೊಂಡು ಹೋಗುವುದು ಸಹಜವಾದರೂ, ಸಮರನೌಕೆಯೊಂದರ ಯೋಗ್ಯತೆಯನ್ನು ಅರಿಯಬೇಕಾದರೆ ಅದು ನೀರಿಗಿಳಿದಂದಿನಿಂದ ಅದರ ಹಲಗೆಗಳನ್ನು ಕಳಚಿದಂದಿನವರೆಗಿನ ಆಯುಷ್ಯವನ್ನೆಲ್ಲ ಓದಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಇದಕ್ಕೆ ಬ್ರಿಟಿಷ್ ನೌಕಾಪಡೆಯ ‘ಬೆಲೆರೊಫನ್’ಗಿಂತ ಉತ್ತಮವಾದ ನಿದರ್ಶನವನ್ನು ನಾನು ಕಾಣೆ.

ಥಾಮಸ್ ಸ್ಲೇಡ್ ರಚಿಸಿದ್ದ ನಕ್ಷೆಯನ್ನನುಸರಿಸಿ, ಮೆಡ್ವೇ ನದಿಯ ದಡದ ಫ್ರಿಂಡ್ಸ್‌ಬರಿಯಲ್ಲಿ ನಿರ್ಮಿತವಾದ ಈ ನೌಕೆ 1786ರ ಅಕ್ಟೋಬರಿನಲ್ಲಿ ನೀರಿಗಿಳಿಯಿತು. ಕೆಳ ಅಟ್ಟದಲ್ಲಿ 32 ಪೌಂಡಿನ ಗುಂಡೆಸೆಯುವ 28 ಫಿರಂಗಿಗಳು, ಅದರ ಮೇಲಣ ಅಟ್ಟದಲ್ಲಿ 18 ಪೌಂಡಿನವು 28, ಮೇಲಿನ ತೆರೆದ ಅಟ್ಟದಲ್ಲಿ 9 ಪೌಂಡಿನವು 18, ಅಂತೂ 74 ಫಿರಂಗಿಗಳ ಹಡಗು. ಆದರೆ ಅದು ಶಾಂತಿಕಾಲವಾದುದರಿಂದ 1790ರವರೆಗೆ ಅದಕ್ಕೆ ಕಪ್ತಾನನೂ ಇರಲಿಲ್ಲ, ಕೆಲಸವೂ ಇರಲಿಲ್ಲ. ಮರದ ಹಡಗಿಗೆ ಶತ್ರುವಿನ ಗುಂಡಿಗಿಂತ ಈ ನಿಷ್ಕ್ರಿಯತೆಯೇ ಹೆಚ್ಚು ಅಪಾಯಕರ: ಗಾಳಿಯಾಡದ ಒಡಲಿನೊಳಗೆ ತೇವ ನಿಂತು ಓಕ್ ದಿಮ್ಮಿಗಳು ಒಳಗಿಂದೊಳಗೇ ಕೊಳೆಯುತ್ತವೆ, ಹೊರಗೆ, ನೀರಿನಡಿಯ ಹಲಗೆಗಳನ್ನು ಕೊರೆಯುವ ಹುಳುವಿನಿಂದ ಕಾಪಾಡಲು ತಾಮ್ರದ ತಗಡನ್ನು ಹೊದಿಸಬೇಕಾಗುತ್ತದೆ.

ಫ್ರೆಂಚರೊಡನೆ ಯುದ್ಧ ತೊಡಗಿದ ಬಳಿಕ, 1794ರ ಜೂನ್ ಒಂದರ ಕದನದಲ್ಲಿ ಈ ನೌಕೆಯ ಮೇಲಿದ್ದ ಅಡ್ಮಿರಲ್ ಪ್ಯಾಸ್ಲಿ ಒಂದು ಕಾಲನ್ನು ಕಳೆದುಕೊಂಡನು. 1798ರ ಆಗಸ್ಟ್ ಒಂದರ ರಾತ್ರಿ, ಈಜಿಪ್ಟಿನ ಅಬೂಕೀರ್ ಕೊಲ್ಲಿಯಲ್ಲಿ, ಬೆಲೆರೊಫನ್ ತಾನು ನಿಲ್ಲಬೇಕಾಗಿದ್ದ ಎಡೆಯನ್ನು ದಾಟಿಹೋಗಿ, ತನಗಿಂತ ಬಹಳ ದೊಡ್ಡದಾದ ಫ್ರೆಂಚ್ ನಾಯಕನೌಕೆ ‘ಲೋರಿಯಾಂ’ ಎದುರಿಗೆ ಲಂಗರುಹಾಕಿತು. ಕೂವೆಮರಗಳು ಉರುಳಿ, 49 ಮಂದಿ ಸತ್ತು, ಸುಮಾರು 150 ಮಂದಿ ಗಾಯಗೊಂಡ ಬಳಿಕ ಹಗ್ಗ ಕಡಿದುಕೊಂಡು ತೇಲುತ್ತ ಹಿಂದೆ ಸರಿಯಿತು. ಅನಂತರ ಲೋರಿಯಾಂ ಬೆಂಕಿಹತ್ತಿ ಸಿಡಿದುಹೋಯಿತು. ಶ್ರೀರಂಗಪಟ್ಟಣದ ಕಥೆಯನ್ನು ಬಲ್ಲ ನಮಗೆ ಈ ಕದನ ದೂರದ್ದಲ್ಲ. ಹಡಗುಗಳನ್ನು ಕಳೆದುಕೊಂಡು ಈಜಿಪ್ಟಿನಲ್ಲಿ ಸಿಕ್ಕಿಬಿದ್ದ ನೆಪೋಲಿಯನ್, 1799ರ ಜನವರಿಯಲ್ಲಿ ಕೈರೋದಿಂದ ಟಿಪ್ಪುಸುಲ್ತಾನನಿಗೆ ಬರೆದ ಪತ್ರ ಬ್ರಿಟಿಷರ ಕೈಸೇರಿತು. ಫ್ರೆಂಚರ ನೆರವು ಬಾರದೆಯೇ, ಅದೇ ವರ್ಷದ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು.

ಟ್ರಫಾಲ್ಗರಿನ ಕದನದಲ್ಲಿ, 1805ರ ಅಕ್ಟೋಬರ್ 21ರಂದು, ‘ಲೇಗ್ಲ್’ ಎಂಬ ಫ್ರೆಂಚ್ ಹಡಗು ಬೆಲೆರೊಫನ್ನಿನ ಮಗ್ಗುಲಿಗೆ ತಗುಲಿಕೊಂಡಿತು. ಕಪ್ತಾನ ಜಾನ್ ಕುಕ್ ಗುಂಡಿಗೆ ಬಲಿಯಾಗಿ, ಲೆಫ್ಟಿನೆಂಟ್ ಕಂಬಿ ಅಧಿಕಾರ ವಹಿಸಿಕೊಂಡನು. ಶತ್ರುಗಳೆಸೆದ ಕೈಬಾಂಬೊಂದು ಕೆಳಗಿನ ಸಾಮಾನು ಕೋಣೆಯಲ್ಲಿ ಸಿಡಿದಾಗ, ಆ ಸ್ಫೋಟದ ರಭಸಕ್ಕೆ ಆ ಕೋಣೆಯ ಬಾಗಿಲು ತೆರೆದುಕೊಂಡು, ಪಕ್ಕದ ಮದ್ದಿನ ಕೋಣೆಯ ಬಾಗಿಲು ಮುಚ್ಚಿಕೊಂಡಿತಂತೆ. ಅದು ಮುಚ್ಚದೆ ಇದ್ದಿದ್ದರೆ ಲೋರಿಯಾಂನ ಗತಿಯೇ ಇದಕ್ಕೂ ಒದಗುತ್ತಿತ್ತು.

ಇಷ್ಟೆಲ್ಲ ಹೇಳಿಯೂ, ಸಮರಸೇವೆಯ ವರ್ಷಗಳಲ್ಲಿ ಇಂತಹ ದಿನಗಳು ಕೈಬೆರಳಿನಲ್ಲಿ ಎಣಿಸುವಷ್ಟೇ. ಉಳಿದುದರಲ್ಲಿ ಬಹುಭಾಗ ಬ್ರೆಸ್ಟ್ ಮೊದಲಾದ ಬಂದರುಗಳ ಹೊರಗೆ ಚಳಿ, ಬಿರುಗಾಳಿಗಳಲ್ಲಿ ತಿಂಗಳುಗಟ್ಟಲೆ ಹೊಯ್ದಾಡುತ್ತ, ಫ್ರೆಂಚರನ್ನು ಹೊರಬರಗೊಡದೆ ಕಾದ ದೀರ್ಘವಾದ ದಿಗ್ಬಂಧನ. ನನ್ನ ಗೌರವ ಹೆಚ್ಚಾಗಿ ಸಲ್ಲುವುದು ಈ ನೀರಸವಾದ ಸೇವೆಗೇ. ಹಡಗನ್ನೂ ನಾವಿಕರನ್ನೂ ಸವೆಸಿದುದು ಇದೇ.

1815ರ ಜುಲೈ 15ರಂದು, ರೋಶ್ಫೋರ್ ಬಂದರಿನಾಚೆ, ನೆಪೋಲಿಯನ್ ಕಪ್ತಾನ ಮೇಟ್‌ಲೆಂಡನಿಗೆ ಶರಣಾದುದು ಈ ನೌಕೆಯ ಮೇಲೆಯೇ. ಚರಿತ್ರೆಕಾರರು ಅಲ್ಲಿಗೆ ನಿಲ್ಲುತ್ತಾರೆ, ನಿಲ್ಲಬಾರದು. ಚಕ್ರವರ್ತಿಯನ್ನು ಹೊತ್ತ ಹಡಗನ್ನು ಅದೇ ವರ್ಷ ಸೇವೆಯಿಂದ ಬಿಡಿಸಿ, ಷೀರ್‌ನೆಸ್‌ನಲ್ಲಿ ಕೈದಿಗಳ ತೇಲುವ ಸೆರೆಮನೆಯನ್ನಾಗಿಸಿದರು. 1824ರಲ್ಲಿ ಅದರ ಹೆಸರನ್ನೂ ಬೇರೊಂದು ಹಡಗಿಗೆ ಕೊಟ್ಟು, ಇದನ್ನು ‘ಕ್ಯಾಪ್ಟಿವಿಟಿ’ ಎಂದು ಕರೆದರು. ಬಳಿಕ ಪ್ಲಿಮತ್ತಿಗೆ ಸಾಗಿಸಿದರು. 1836ರಲ್ಲಿ ಅದನ್ನು ಮಾರಿ ಒಡೆದಾಗ, ಅಬೂಕೀರಿನ ಕದನದಲ್ಲಿ ಅದರ ಶಸ್ತ್ರವೈದ್ಯನಾಗಿದ್ದ ಜಾರ್ಜ್ ಬೆಲ್ಲಮಿ ಕೆಲವು ತೊಲೆಗಳನ್ನು ಕೊಂಡು, ಪ್ಲಿಮ್‌ಸ್ಟಾಕಿನಲ್ಲಿ ತಾನು ಕಟ್ಟಿಸುತ್ತಿದ್ದ ಮನೆಗೆ ಹಾಕಿಸಿದನು.