ಬೀಟೆಯಲ್ಲಿ ಮೂರು ಮಿಲಿಮೀಟರ್

ಬೀಟೆಯ ಹಲಗೆಯಲ್ಲಿ ಮೂರು ಮಿಲಿಮೀಟರಿನ ಕಾರ್ಬೈಡ್ ಬಿಟ್ ಹದವಾದ ವೇಗದಲ್ಲಿ ಹೊರಟಿತೆಂದರೆ ಮೊದಲು ಖುಷಿಪಡುವುದು ಮೂಗು. ತುಸು ಸಿಹಿಯಾದ, ಬೆಚ್ಚನೆಯ ಘಮ. ಆಮೇಲೆ ಕಿವಿ: ಕೀರಲಿಲ್ಲ, ನಡುಕವಿಲ್ಲ, ಒಂದೇ ಶ್ರುತಿ. ಇನ್ನು ಸಿಎನ್‌ಸಿ ರೌಟರ್ ನಿಲ್ಲಿಸಿ, ಬಿದ್ದದ್ದನ್ನು ಅಂಗೈಗೆ ಸುರಿದುಕೊಂಡು ನೋಡಿ. ಹಿಟ್ಟಲ್ಲ, ಚಕ್ಕೆ. ಪುಟಾಣಿ, ಗರಿಗರಿಯಾದ, ಅಂಚು ಚೂಪಾಗಿಯೇ ಉಳಿದ, ನೇರಳೆ ಬೆರೆತ ಕಂದು ಚಕ್ಕೆ.

ಚಿಕ್ಕ ಬಿಟ್ ಅಂದ ಕೂಡಲೇ ಎಲ್ಲರಿಗೂ ಅದರ ಮೇಲೆ ಕನಿಕರ. ಮೆಲ್ಲಗೆ, ಮೆಲ್ಲಗೆ ಎಂದು ನಡೆಸುತ್ತಾರೆ. ಆ ಕನಿಕರವೇ ಅದಕ್ಕೆ ಮುಳುವು. ಕಚ್ಚಲು ಸಾಕಷ್ಟು ಮರ ಸಿಗದ ಅಂಚು ಬರೀ ಉಜ್ಜುತ್ತದೆ. ಚಕ್ಕೆಯೊಡನೆ ಹಾರಿಹೋಗಬೇಕಿದ್ದ ಕಾವು ಬಿಟ್ಟಿನಲ್ಲೇ ಉಳಿಯುತ್ತದೆ. ಹಲಸಿನ ಹಳದಿಯಲ್ಲಾದರೆ ಸುಟ್ಟ ಕಲೆ ಕಣ್ಣಿಗೆ ಬಿದ್ದೀತು. ಬೀಟೆ ತನ್ನ ಕಪ್ಪು ಗೆರೆಗಳ ನಡುವೆ ಅದನ್ನು ಮುಚ್ಚಿಟ್ಟುಕೊಳ್ಳುವ ಮರ. ಸೀದ ವಾಸನೆಯಿಂದಲೇ ಹಿಡಿಯಬೇಕು.

ಲೆಕ್ಕವೂ ಬಲು ಸೊಗಸು. ನಿಮಿಷದ ಸುತ್ತು, ಬಿಟ್ಟಿನ ಕೊಯ್ಯುವ ಅಂಚುಗಳಾದ ಫ್ಲೂಟುಗಳ ಸಂಖ್ಯೆ, ಒಂದೊಂದು ಫ್ಲೂಟ್ ಕಚ್ಚುವ ತುತ್ತು, ಮೂರನ್ನೂ ಗುಣಿಸಿದರೆ ಬಿಟ್ ಮುಂದೆ ಸಾಗುವ ವೇಗ, ಅಂದರೆ ಫೀಡ್. 18,000 ಆರ್‌ಪಿಎಂ, ಎರಡು ಫ್ಲೂಟ್, ತುತ್ತು 0.04 ಮಿ.ಮೀ. ಅಂದರೆ ನಿಮಿಷಕ್ಕೆ 1,440 ಮಿ.ಮೀ. ಅದೇ ಸುತ್ತಿಗೆ ಆರು ಮಿಲಿಮೀಟರಿನ ಬಿಟ್ಟಿನ ಅಂಚು ನಿಮಿಷಕ್ಕೆ ಸುಮಾರು 340 ಮೀಟರ್ ಓಡಿದರೆ, ಮೂರರದ್ದು 170 ಅಷ್ಟೆ. ಹಾಗಾಗಿ ಇನ್ನಷ್ಟು ತಿರುಗಿಸುವ ಆಸೆಯಾಗುತ್ತದೆ. ತಿರುಗಿಸಿ, ಫೀಡನ್ನೂ ಜತೆಗೇ ಏರಿಸುವುದಾದರೆ. ತುತ್ತು ಮಾತ್ರ ದೊಡ್ಡದಾಗಕೂಡದು: ವ್ಯಾಸ ಅರ್ಧವಾದರೆ, ಅಷ್ಟೇ ಉದ್ದದ ಬಿಟ್ ಅದೇ ಒತ್ತಡಕ್ಕೆ ಹದಿನಾರು ಪಟ್ಟು ಬಾಗುತ್ತದೆ. ಆಳವನ್ನೂ ಒಂದು ಸಲಕ್ಕೆ ಒಂದೂವರೆ ಮಿಲಿಮೀಟರಿಗೆ ನಿಲ್ಲಿಸುತ್ತೇನೆ.

ಮೈಸೂರಿನ ಇನ್‌ಲೇ ಕುಸುರಿಯವರು ಬೀಟೆಯಲ್ಲಿ ಕೈಯಿಂದ ತೋಡುವ ಗುಳಿಗಳನ್ನು ಕಂಡ ಕಣ್ಣು ಯಂತ್ರದ ಕೆಲಸವನ್ನು ಸುಲಭದಲ್ಲಿ ಒಪ್ಪುವುದಿಲ್ಲ. ಆದರೂ ಹದ ಕೂಡಿ ಬಂದ ತೋಡಿನ ಗೋಡೆಗೆ ಉಗುರು ತಾಗಿಸಿ, ನಿಧಾನವಾಗಿ, ಉದ್ದಕ್ಕೂ ಎಳೆಯುತ್ತಾ ಹೋಗಿ. ಎಲ್ಲೂ ತಡೆಯುವುದಿಲ್ಲ. ಮರಳುಕಾಗದ ತಾಕದೆಯೇ ನಯ. ಅಲ್ಲಲ್ಲಿ ತೆರೆದ ರಂಧ್ರಗಳು ಕೊಯ್ದಲ್ಲಿಗೆ ಕೊಯ್ದಂತೆ, ಒಂದು ನಾರೂ ಏಳದಂತೆ ನಿಂತಿರುತ್ತವೆ. ಹಾಲೆಮರದ ಬಿಳಿ ತುಣುಕನ್ನು ಅದರಲ್ಲಿಟ್ಟು ಹೆಬ್ಬೆರಳಿನಿಂದ ಒತ್ತಿದರೆ, ಮೆಲ್ಲನೆ ಗಾಳಿ ಹೊರಬಿಟ್ಟು, ಕೂರುತ್ತದೆ. ಒಳಮೂಲೆಗಳು ದುಂಡಗೇ ಉಳಿಯುತ್ತವೆ. ಉಳಿ ಹಿಡಿದು ಚೌಕ ಮಾಡುವವರಿದ್ದಾರೆ. ನನಗೆ ಆ ದುಂಡೇ ಚೆಂದ.

ಆ ತಿರುವುಗಳಲ್ಲಿ ಯಂತ್ರ ತಾನಾಗಿ ನಿಧಾನಿಸುತ್ತದೆ, ಚಕ್ಕೆ ಅರೆಗಳಿಗೆ ಹುಡಿಯಾಗುತ್ತದೆ. ಅಲ್ಲಿ ಕಿವಿಗೊಡಿ, ದನಿ ಒಂದೆಳೆ ಏರುತ್ತದೆ.

ಒಂದು ಮಿಲಿಮೀಟರಿನ ಬಿಟ್ಟಿಗೆ 24,000 ಸುತ್ತು, 0.01ರ ತುತ್ತು, ನಿಮಿಷಕ್ಕೆ 480 ಮಿ.ಮೀ. ಇನ್‌ಲೇ ಚಿತ್ತಾರದಲ್ಲಿ ಎಲೆಯ ನರಗಳನ್ನು ಅದಕ್ಕೆ ಬಿಡುತ್ತೇನೆ, ಮಿಕ್ಕಿದ್ದೆಲ್ಲ ಮೂರರದ್ದೇ.