ಕಣ್ಣಿಗೆ ಕಾಣದ ಕಾವು

ಬೆಂಗಳೂರಿನ ಶಿವಾಜಿನಗರ, ಹಲಸೂರು, ಇಂದಿರಾನಗರಗಳಿಂದ ಕೆ.ಆರ್. ಪುರದವರೆಗೆ ಪದವಿಪೂರ್ವ ಕಾಲೇಜುಗಳ ವಿಜ್ಞಾನ ವಿದ್ಯಾರ್ಥಿಗಳು, ಲವಣವನ್ನು ಕಾಯಿಸಿಯೂ ಆಮ್ಲಗಳೊಡನೆ ಬೆರೆಸಿಯೂ ಅದರ ಘಟಕಗಳನ್ನು ಪತ್ತೆಹಚ್ಚುವ ಲವಣ ವಿಶ್ಲೇಷಣೆಯನ್ನು ಮಾಡಿ, ಅದನ್ನು ರೆಕಾರ್ಡ್ ಪುಸ್ತಕದಲ್ಲಿ ದಾಖಲಿಸುತ್ತಾರೆ. ಇಂಥ ಪುಸ್ತಕಗಳಲ್ಲಿ ಬರೆಯುವ ‘ಮುನ್ನೆಚ್ಚರಿಕೆ’ಗಳು ಬಹುಮಟ್ಟಿಗೆ ಫಲಿತಾಂಶ ಕೆಡದಂತೆ ನೋಡಿಕೊಳ್ಳುತ್ತವೆ; ಕೈ ಸುಡದಂತೆ ನೋಡಿಕೊಳ್ಳುವ ಮಾತು ಅವುಗಳಲ್ಲಿ ಅಪರೂಪ.

ಪ್ರನಾಳದ ಬಾಯನ್ನು ತನ್ನತ್ತಲಾಗಲಿ ಪಕ್ಕದವರತ್ತಲಾಗಲಿ ತಿರುಗಿಸಬಾರದೆಂಬ ನಿಯಮ ಇದಕ್ಕೆ ಅಪವಾದ. ತಳವನ್ನಷ್ಟೇ ಒಂದೇ ಸಮನೆ ಕಾಯಿಸಿದಾಗ ಅಲ್ಲಿ ಹುಟ್ಟುವ ಆವಿಯು ಮೇಲಿನ ದ್ರವವನ್ನು ಹೊರಕ್ಕೆ ಚಿಮ್ಮಿಸುತ್ತದೆ. ಆ ದ್ರವ ಗಂಧಕಾಮ್ಲವಾಗಿದ್ದರೆ ಕಣ್ಣೇ ಹೋಗಬಹುದು. ಆದರೆ ಉರಿ ಆರಿಸಿದ ಮೇಲಿನ ಅಪಾಯದ ವಿಷಯದಲ್ಲಿ ಈ ಬರವಣಿಗೆ ಮೌನವಾಗಿದೆ, ಮತ್ತು ಅದರ ದೊಡ್ಡ ಲೋಪವೇ ಇದು. ಕಾದ ವಸ್ತುವು ಸುಮಾರು 500 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಕೆಂಪಗೆ ಹೊಳೆಯುವುದಿಲ್ಲ. ಚರ್ಮವಾದರೋ 70 ಡಿಗ್ರಿಯ ನೀರು ತಾಗಿದರೆ ಸುಮಾರು ಒಂದು ಸೆಕೆಂಡಿನಲ್ಲೇ ಸುಡುತ್ತದೆ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಬಿಸಿ ಗಾಜು ತಣ್ಣನೆಯ ಗಾಜಿನಂತೆಯೇ ಕಾಣುತ್ತದೆ. ಬರ್ನರ್ ಆರಿದ್ದನ್ನು ಕಂಡು ಮುಕ್ಕಾಲಿಯನ್ನು ಬರಿಗೈಯಲ್ಲಿ ಎತ್ತಿಡಲು ಹೋಗುವ ವಿದ್ಯಾರ್ಥಿ ಅಜಾಗರೂಕನಲ್ಲ, ಅವನ ಕಣ್ಣು ಅವನಿಗೆ ಹೇಳಿದ್ದೇ ಅಷ್ಟು. ಮುಟ್ಟುವ ಮೊದಲು ಅಂಗೈಯ ಹಿಂಬದಿಯನ್ನು ತುಸು ದೂರದಲ್ಲಿ ಹಿಡಿದು ಕಾವನ್ನು ಅಳೆಯುವ ಅಭ್ಯಾಸವನ್ನು, ಬಿಸಿ ಸಾಮಾನಿಗೆಂದೇ ಮೇಜಿನ ಒಂದು ಮೂಲೆಯನ್ನು ಬಿಡುವ ಕ್ರಮವನ್ನು ಕಲಿಸಲು ಹಣವೇನೂ ಬೇಕಿಲ್ಲ.

ಸ್ಪಿರಿಟ್ ದೀಪದ ಅಪಾಯವೂ ಹೀಗೆಯೇ ಕಣ್ಣಿಗೆ ಕಾಣದ್ದು: ಅದರಲ್ಲಿರುವ ಎಥನಾಲಿನ ಜ್ವಲನ ಬಿಂದು, ಎಂದರೆ ಅದರ ಆವಿ ಕಿಡಿ ತಾಗಿದೊಡನೆ ಹೊತ್ತಿಕೊಳ್ಳಬಲ್ಲ ಕನಿಷ್ಠ ಉಷ್ಣತೆ, ಸುಮಾರು 13 ಡಿಗ್ರಿಯಾಗಿರುವುದರಿಂದ, ಬೆಂಗಳೂರಿನ ಜನವರಿಯ ಹಗಲಿನಲ್ಲೂ ಆ ಆವಿ ಹೊತ್ತಿಕೊಳ್ಳಲು ಸಿದ್ಧವಾಗಿಯೇ ಇರುತ್ತದೆ; ಉರಿಯುವ ದೀಪಕ್ಕೆ ಸ್ಪಿರಿಟ್ ಸುರಿಯಬಾರದೆಂಬುದಕ್ಕೆ ಇದೇ ಕಾರಣ.

ಸುಟ್ಟ ಮೇಲಿನ ಉಪಚಾರವೂ ಮುನ್ನೆಚ್ಚರಿಕೆಯ ಭಾಗವೇ. ಮುಲಾಮು, ಟೂತ್‌ಪೇಸ್ಟ್, ಮಂಜುಗಡ್ಡೆಗಳನ್ನು ಬಿಟ್ಟು, ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕೆಂಬುದು ಇಂದು ವ್ಯಾಪಕವಾಗಿ ಒಪ್ಪಿತವಾದ ಸಲಹೆಯಾಗಿದ್ದು, ನಿಮಿಷಕ್ಕೆ 3 ಲೀಟರಿನಂತೆ ಹರಿದರೂ ಅದಕ್ಕೆ 60 ಲೀಟರ್ ನೀರು ಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಕಾಯಬೇಕಾಗಿ ಬಂದ ಕೆ.ಆರ್. ಪುರ, ಮಹದೇವಪುರಗಳಂಥ ಕಡೆ ಇದು ಸಣ್ಣ ಮಾತಲ್ಲ. ಸಿಂಕಿನ ನಲ್ಲಿಯಲ್ಲಿ ನೀರು ಬರುತ್ತಿದೆಯೇ, ಇಲ್ಲವಾದರೆ ತುಂಬಿದ ಡ್ರಮ್ಮು ಮತ್ತು ಮಗ್ಗು ಪಕ್ಕದಲ್ಲಿವೆಯೇ ಎಂದು ನೋಡಿದ ಮೇಲಷ್ಟೇ ಬರ್ನರ್ ಹಚ್ಚಬೇಕೆಂಬ ಸಾಲು ಅಲ್ಲಿನ ರೆಕಾರ್ಡ್ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಮೊದಲು ಬರಬೇಕಾದದ್ದು.