ಕೋಚ್ ಯಾರ ಕಡೆಯವರು?

ದೊಡ್ಡ ಹುದ್ದೆಯಲ್ಲಿರುವವರಿಗೆ ಕಂಪನಿಗಳು ಕೋಚ್ ಗೊತ್ತುಮಾಡುವುದು ನಾಯಕತ್ವ ಪಳಗಲಿ ಎಂದು. ಬಾಗಿಲು ಮುಚ್ಚಿದ ಮೇಲೆ ಮಾತು ಬೇರೆ ಕಡೆ ಹರಿಯುತ್ತದೆ. 2009ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ 140 ಕೋಚ್‌ಗಳನ್ನು ವಿಚಾರಿಸಿತು. ಮುಖ್ಯವಾಗಿ ವೈಯಕ್ತಿಕ ತೊಂದರೆಗೆಂದೇ ತಮ್ಮನ್ನು ಕರೆಸುತ್ತಾರೆ ಎಂದವರು ಶೇ. 3, ಅಂಥ ತೊಂದರೆಗಳಲ್ಲಿ ನೆರವಾಗಿದ್ದೇವೆ ಎಂದವರು ಶೇ. 76. ಮುರಿಯುತ್ತಿರುವ ಮದುವೆ, ಮಗುವಿನ ಕಾಯಿಲೆ, ಮಿತಿಮೀರಿದ ಕುಡಿತ ಎಲ್ಲವೂ ಕೆಲಸದ ಗುರಿಗಳ ಬೆನ್ನಿಗೇ ಆ ಕೋಣೆಗೆ ಬರುತ್ತವೆ.

ಇದರ ಅಪಾಯವನ್ನು ಮನೋವಿಜ್ಞಾನಿ ಸ್ಟೀವನ್ ಬರ್ಗ್ಲಾಸ್ 2002ರಲ್ಲಿಯೇ ಅದೇ ಪತ್ರಿಕೆಯಲ್ಲಿ ಬರೆದಿದ್ದರು: ಮನಶ್ಶಾಸ್ತ್ರದ ತರಬೇತಿಯಿಲ್ಲದ ಕೋಚ್ ಆಳದ ಬೇನೆಯನ್ನು ನಡವಳಿಕೆಯ ದೋಷವೆಂದು ತಿಳಿದು, ತಿದ್ದಲು ಹೋಗಿ ಇನ್ನಷ್ಟು ಕೆಡಿಸುತ್ತಾನೆ. ನಮ್ಮಲ್ಲಿ ಈ ಎಚ್ಚರಿಕೆಗೆ ತೂಕ ಹೆಚ್ಚು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಕೋಚ್ ಎಂದು ಕರೆದುಕೊಳ್ಳಲು ಯಾವ ಸರ್ಕಾರಿ ಪರವಾನಗಿಯೂ ಬೇಡ.

ಆದರೂ ಬರ್ಗ್ಲಾಸ್ ಅವರ ವಾದ ನನಗೆ ಸಾಲದು. ಎಲ್ಲ ಸಂಕಟವೂ ರೋಗವಲ್ಲ. ತಾಯಿಯನ್ನು ಕಳೆದುಕೊಂಡು ಮೀಟಿಂಗಿನಲ್ಲಿ ಮಾತು ಮರೆಯುವವನಿಗೆ ಬೇಕಿರುವುದು ಅಳಲು ಒಂದಿಷ್ಟು ಬಿಡುವು. ಇಲ್ಲಿ ಕೋಚ್ ಎಷ್ಟು ಓದಿದ್ದರೇನು, ತೊಡಕು ಒಪ್ಪಂದದಲ್ಲೇ ಇದೆ. ಫೀಸು ಕೊಡುವುದು ಕಂಪನಿ. ಗುರಿ ಬರೆಯಲು ಕೂರುವವರು ಮೇಲಧಿಕಾರಿ ಮತ್ತು ಎಚ್ಆರ್. ಒಳಗಿನ ಮಾತು ಹೊರಗೆ ಹೋಗುವುದಿಲ್ಲ ಎಂದು ಕೋಚ್ ಭರವಸೆ ಕೊಟ್ಟು, ಅದನ್ನು ಪ್ರಾಮಾಣಿಕವಾಗಿ ಪಾಲಿಸಿಯೂ ಇರಬಹುದು. ಅಳತೆಗೋಲು ಮಾತ್ರ ಬದಲಾಗುವುದಿಲ್ಲ: ಈತ ಯಾವಾಗ ಮೊದಲಿನಂತೆ ಕೆಲಸ ಮಾಡುತ್ತಾನೆ? ಆ ಪ್ರಶ್ನೆಯ ನೆರಳಲ್ಲಿ ಕೂತವನು ಅರ್ಧ ಹೇಳಿ ಅರ್ಧ ನುಂಗುತ್ತಾನೆ. ಅದು ಸಹಜ, ಅವನ ಬಡ್ತಿ ಅಲ್ಲಿದೆ.

ಫ್ರಾನ್ಸಿನ ಇನ್‌ಸೆಯಾಡ್ ಬಿಸಿನೆಸ್ ಸ್ಕೂಲಿನಲ್ಲಿ ಮನೋವಿಶ್ಲೇಷಕ ಮ್ಯಾನ್‌ಫ್ರೆಡ್ ಕೆಟ್ಸ್ ಡಿ ವ್ರೀಸ್ ರೂಪಿಸಿದ ಗುಂಪು ಪದ್ಧತಿ ಈ ದೃಷ್ಟಿಯಿಂದ ಮೇಲು. ಬೇರೆ ಬೇರೆ ಸಂಸ್ಥೆಗಳ ಹಿರಿಯರು ಒಟ್ಟಿಗೆ ಕೂತು ತಂತಮ್ಮ ಬದುಕಿನ ಕತೆ ಹೇಳುತ್ತಾರೆ. ಎದುರಿಗೆ ಬಾಸ್ ಇಲ್ಲ, ಕೈಕೆಳಗಿನವರೂ ಇಲ್ಲ. ದುಬಾರಿ, ನಿಜ. ಇಂದು ರಾತ್ರಿಯೇ ಆಸರೆ ಬೇಕಾದವರಿಗೆ ಒದಗುವಂಥದ್ದೂ ಅಲ್ಲ.

ನಮ್ಮ ಕಂಪನಿಗಳು ಒಪ್ಪಂದದಲ್ಲಿ ಎರಡು ಮಾತು ಸೇರಿಸಲಿ. ನಿದ್ದೆ ಕೆಟ್ಟು, ಬದುಕೇ ಬೇಡವೆನ್ನುವ ಲಕ್ಷಣ ಕಂಡರೆ ಕೋಚ್ ತಡಮಾಡದೆ ಮನೋವೈದ್ಯರ ಬಳಿಗೆ ಕಳಿಸಬೇಕು. ಯೋಚಿಸಿದ ಮೇಲೆ ಅಧಿಕಾರಿ ದೀರ್ಘ ರಜೆ ಕೇಳಿದರೆ, ಅಥವಾ ರಾಜೀನಾಮೆಯನ್ನೇ ಕೊಟ್ಟರೆ, ಅದನ್ನು ಕೋಚ್‌ನ ಸೋಲೆಂದು ಬರೆಯಬಾರದು.